ಬಂಡೆ ಆರಿಸುವ ಮೊದಲು ಅದರ ನೆತ್ತಿ ನೋಡಿ: ಹೊಸಬರ ಟಾಪ್ ರೋಪ್ ಕ್ಲೈಂಬಿಂಗ್ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ

ಪ್ರಶ್ನೆ: ನಾವು ಬೆಂಗಳೂರಿನ ರಾಜಾಜಿನಗರದವರು. ನಾನು, ನನ್ನ ಹೆಂಡತಿ, 11 ವರ್ಷದ ಮಗಳು ಒಂದು ವರ್ಷದಿಂದ ಕ್ಲೈಂಬಿಂಗ್ ಜಿಮ್‌ಗೆ ಹೋಗುತ್ತಿದ್ದೇವೆ. ಬಿಲೇ ಮಾಡುವುದು, ಎಂಟರ ಗಂಟು ಹಾಕುವುದು ಬರುತ್ತದೆ. ಈಗ ನಿಜವಾದ ಬಂಡೆ ಹತ್ತುವ ಆಸೆ. ಹಿಂದಿನಿಂದ ನಡೆದು ಮೇಲೆ ಹೋಗಿ, ಹಗ್ಗ ಕಟ್ಟಿ ಇಳಿಬಿಡಬಹುದಾದ, ಹೊಸಬರಿಗೆ ಸುಲಭವಾದ ಜಾಗಗಳು ಬೆಂಗಳೂರಿನ ಸುತ್ತ ಎಲ್ಲಿವೆ? ನನ್ನ ಸ್ನೇಹಿತ, ‘ಮೇಲೆ ಒಂದು ಮರ ಇದ್ದರೆ ಸಾಕು, ಟಾಪ್ ರೋಪ್‌ನಲ್ಲಿ ಅಪಾಯವೇ ಇಲ್ಲ’ ಅನ್ನುತ್ತಾನೆ. ಆ್ಯಂಕರ್ ಕಟ್ಟುವುದನ್ನು ವಿಡಿಯೊ ನೋಡಿ ಕಲಿತಿದ್ದೇನೆ. ಅದಕ್ಕೆಂದು ಹಾರ್ಡ್‌ವೇರ್ ಅಂಗಡಿಯಿಂದ 12 ಎಂಎಂ ನೈಲಾನ್ ಹಗ್ಗ ತಂದಿಟ್ಟಿದ್ದೇನೆ, ಆಗುತ್ತಾ? ನನ್ನ ತೂಕ 82 ಕೆಜಿ, ಹೆಂಡತಿಯದು 52. ಅವಳು ನನ್ನನ್ನು ಹಿಡಿಯಬಲ್ಲಳಾ? ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ಒಳಗಿರುವ ಚಿಂತೆ ಒಂದೇ ಅನ್ನಿಸಿತು. ನಾನು ಕಟ್ಟಿದ ಹಗ್ಗಕ್ಕೆ ನನ್ನ ಮಗಳು ಜೋತುಬೀಳುತ್ತಾಳೆ, ಅದು ನಿಲ್ಲುತ್ತದಾ? ಈ ಚಿಂತೆ ನಿಮಗೆ ಬಂದಿದೆ ಎಂಬುದೇ ನನಗೆ ಸಮಾಧಾನ. ಬಂಡೆ ಹತ್ತಿಸುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಈ ಪ್ರಶ್ನೆ ಕೇಳದೆ ಹಗ್ಗ ಹೊತ್ತುಕೊಂಡು ಬರುವವರೇ ಜಾಸ್ತಿ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಬಂಡೆಯ ನೆತ್ತಿಯಲ್ಲಿ ಗಟ್ಟಿ ಆಧಾರಗಳಿಗೆ ಹಗ್ಗ ಕಟ್ಟಿ ಒಂದು ಕೊಂಡಿ ಮಾಡುತ್ತೇವೆ, ಅದು ಆ್ಯಂಕರ್. ಕ್ಲೈಂಬಿಂಗ್ ಹಗ್ಗ ಆ ಕೊಂಡಿಯಲ್ಲಿ ಹಾದು, ಅದರ ಎರಡೂ ತುದಿ ನೆಲಕ್ಕೆ ಬರುತ್ತವೆ. ಒಂದು ತುದಿ ಹತ್ತುವವರ ಸೊಂಟದ ಹಾರ್ನೆಸ್‌ಗೆ. ಇನ್ನೊಂದು ಬದಿಯ ಹಗ್ಗ ಕೆಳಗೆ ನಿಂತು ಬಿಲೇ ಮಾಡುವವರ, ಅಂದರೆ ಸಡಿಲವಾದ ಹಗ್ಗ ಎಳೆದುಕೊಳ್ಳುತ್ತಾ, ಜಾರಿದಾಗ ತಡೆದು ಹಿಡಿಯುವವರ ಕೈಯಲ್ಲಿ. ಕಾಲು ಜಾರಿದರೆ ಇದ್ದಲ್ಲೇ ಜೋತಾಡುತ್ತೀರಿ. ಹೊಸಬರು ಶುರು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ನಿಜ ಇದೆ. ಬರೀ ಭಾರದ ಲೆಕ್ಕ ನೋಡಿದರೆ ಹೆದರುವಂಥದ್ದು ಏನೂ ಇಲ್ಲ. ನೀವು ಹಗ್ಗಕ್ಕೆ ಜೋತುಬಿದ್ದಾಗ ಆ್ಯಂಕರ್ ಮೇಲೆ ನಿಮ್ಮ 82 ಕೆಜಿ ಬೀಳುತ್ತದೆ. ಜೊತೆಗೆ, ಇನ್ನೊಂದು ಬದಿಯಲ್ಲಿ ಬಿಲೇ ಮಾಡುವವರು ತಡೆಹಿಡಿದ ಭಾರವೂ ಬೀಳುತ್ತದೆ. ಎರಡೂ ಸೇರಿ ಸುಮಾರು 130ರಿಂದ 140 ಕೆಜಿ. ಹಗ್ಗ ಸ್ವಲ್ಪ ಸಡಿಲ ಇದ್ದು ಜಗ್ಗಿ ಬಿದ್ದರೆ 200, 250 ಕೆಜಿವರೆಗೂ ಹೋಗಬಹುದು. ಕ್ಲೈಂಬಿಂಗ್‌ಗೆಂದೇ ಮಾಡಿದ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಎರಡು ಟನ್ ತಡೆಯಬೇಕು ಎಂದು ಯುರೋಪಿನ ಮಾನದಂಡ ಹೇಳುತ್ತದೆ. ಬಳೆಯಂತೆ ಹೊಲಿದ ಸ್ಲಿಂಗ್ ಪಟ್ಟಿಗೆ 22 ಕಿಲೋನ್ಯೂಟನ್. ಹಾಗಾಗಿ ಸರಿಯಾದ ಸಾಮಾನು ಟಾಪ್ ರೋಪ್‌ನಲ್ಲಿ ಸುಮ್ನೆ ತುಂಡಾಗುವುದಿಲ್ಲ.

ಅಪಾಯ ಬೇರೆ ಕಡೆ ಇದೆ. ನಿಮ್ಮ ಮಗಳು ಹತ್ತುವಾಗ ಹಗ್ಗದಲ್ಲಿರುತ್ತಾಳೆ. ಆ್ಯಂಕರ್ ಕಟ್ಟಲು ಮೇಲೆ ಹೋದ ನೀವು ಹಗ್ಗದಲ್ಲಿ ಇರುವುದಿಲ್ಲ. ಅಂಚಿನ ಹತ್ತಿರ ಬಗ್ಗಿ, ಕೆಳಗೆ ಇಣುಕಿ, ಹಗ್ಗದ ಸುರುಳಿ ಬಿಡಿಸುತ್ತಾ, ಕೆಳಗಿನವರ ಜೊತೆ ಕೂಗಿ ಮಾತಾಡುತ್ತಾ ಇರುತ್ತೀರಿ. ಬಂಡೆಯ ಮೇಲೆ ಉದುರು ಮರಳು, ಒಣಹುಲ್ಲು. ಕಾಲಲ್ಲಿ ಚಪ್ಪಟೆ ಅಟ್ಟೆಯ ಶೂ. ಇಡೀ ದಿನದಲ್ಲಿ ಇದಕ್ಕಿಂತ ಅಪಾಯದ ಹೊತ್ತು ಇನ್ನೊಂದಿಲ್ಲ. ಜಿಮ್‌ನಲ್ಲಿ ಆ್ಯಂಕರ್ ಮೊದಲೇ ಇರುತ್ತದೆ, ಅದನ್ನು ಬೇರೆಯವರು ಕಟ್ಟಿರುತ್ತಾರೆ. ಅದಕ್ಕೇ ಒಂದು ವರ್ಷ ಜಿಮ್‌ಗೆ ಹೋದವರಿಗೂ ಈ ಭಾಗ ಪೂರ್ತಿ ಹೊಸದು.

ಹಾಗಾಗಿ ‘ಸುಲಭದ ಜಾಗ’ ಅಂದರೆ ನನ್ನ ಲೆಕ್ಕ ಸ್ವಲ್ಪ ಬೇರೆ. ಹೊಸಬರು ಬಂಡೆಯ ಮುಖ ನೋಡುತ್ತಾರೆ, ಹಿಡಿತ ಎಷ್ಟಿದೆ, ಇಳಿಜಾರು ಎಷ್ಟಿದೆ ಅಂತ. ನಾನು ಮೊದಲು ನೆತ್ತಿ ನೋಡುತ್ತೇನೆ. ಹಿಂದಿನಿಂದ ಕೈ ಊರದೆ ನಡೆದು ಹೋಗಬಹುದಾ? ಮೇಲೆ ಮಟ್ಟಸವಾಗಿ ನಿಲ್ಲಲು ಜಾಗ ಇದೆಯಾ? ಗಟ್ಟಿ ಆಧಾರಗಳು ಅಂಚಿನಿಂದ ನಾಲ್ಕೈದು ಮೀಟರ್ ಹಿಂದೆ ಇವೆಯಾ? ಅಂಚು ಎಲ್ಲಿದೆ ಅಂತ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದಾ? ಇಷ್ಟಕ್ಕೂ ಹೌದು ಅಂತ ಉತ್ತರ ಬಂದ ಮೇಲೆ ಮಾತ್ರ ಕೆಳಗಿಳಿದು ಮುಖ ನೋಡುತ್ತೇನೆ.

ಅಂಚಿನ ಬಗೆಗಿನ ಈ ಕೊನೆಯ ಪ್ರಶ್ನೆ ನಮ್ಮ ಭಾಗದಲ್ಲಿ ಬಹಳ ಮುಖ್ಯ. ಅದಕ್ಕೆ ಕಾರಣ ನಮ್ಮ ಕಲ್ಲು. ರಾಮನಗರದ ಸುತ್ತಲಿನ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರೇ ಈ ಕಲ್ಲಿಗೆ ಬಂದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಗಟ್ಟಿಯಾದ ಈ ಕಲ್ಲಿನ ಮೇಲಿದ್ದ ಮಣ್ಣು, ಬಂಡೆ ಎಲ್ಲ ಸವೆದು ಹೋದಾಗ ಒತ್ತಡ ಕಡಿಮೆಯಾಯಿತು. ಕಲ್ಲು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ಇದರಿಂದ ಎರಡು ಪರಿಣಾಮ ಆಗಿದೆ. ಒಂದು, ದೊಡ್ಡ ಬೆಟ್ಟಗಳೆಲ್ಲ ಗುಮ್ಮಟದ ಆಕಾರ. ಮೇಲೆ ಮಟ್ಟಸ, ಆಮೇಲೆ ಸ್ವಲ್ಪ ಇಳಿಜಾರು, ಆಮೇಲೆ ಇನ್ನೂ ಸ್ವಲ್ಪ, ಕೊನೆಗೆ ಕಡಿದು. ಅಂಚು ಎಂಬುದೇ ಇಲ್ಲ. ನೀವು ನಿಂತಿರುವ ಕಲ್ಲು ಯಾವ ಹೆಜ್ಜೆಯಲ್ಲಿ ಜಾರುಬಂಡೆ ಆಯಿತು ಅಂತ ಗೊತ್ತೇ ಆಗುವುದಿಲ್ಲ. ಅಲ್ಲಿ ಆ್ಯಂಕರ್ ಕಟ್ಟಿದರೂ ಹಗ್ಗ ಹತ್ತಾರು ಮೀಟರ್ ಕಲ್ಲಿಗೆ ಉಜ್ಜುತ್ತಲೇ ಇರುತ್ತದೆ. ಹತ್ತುವವರು ಮೇಲಿನವರ ಕಣ್ಣಿಗೂ ಕಾಣುವುದಿಲ್ಲ. ಎರಡು, ಮೇಲ್ಪದರ ಎಷ್ಟೋ ಕಡೆ ಪೊಳ್ಳು. ಕೈಮುಷ್ಟಿಯಿಂದ ತಟ್ಟಿ ನೋಡಿ. ಗಟ್ಟಿ ಕಲ್ಲು ಸತ್ತ ಸದ್ದು ಕೊಡುತ್ತದೆ. ಪೊಳ್ಳು ಪದರ ಮಡಕೆಯಂತೆ ದಬದಬ ಅನ್ನುತ್ತದೆ. ಅಂಥ ಪದರದ ಹಿಂದೆ ಸ್ಲಿಂಗ್ ಸಿಕ್ಕಿಸಬಾರದು.

ಹೊಸಬರಿಗೆ ಗುಮ್ಮಟ ಬೇಡ, ಬಿಡಿ ಗುಂಡುಕಲ್ಲುಗಳು ಬೇಕು. ಎಂಟರಿಂದ ಹದಿನೈದು ಮೀಟರ್ ಎತ್ತರ, ಒಂದು ಬದಿ ಕಡಿದು, ಇನ್ನೊಂದು ಬದಿ ಮೆಟ್ಟಿಲಿನಂತೆ ಇಳಿದ ಬಂಡೆ. ಕೆಳಗೆ ನಿಲ್ಲಲು ಮಟ್ಟಸ ನೆಲ. ಹತ್ತುವ ದಾರಿ ಆ್ಯಂಕರ್‌ನಿಂದ ನೇರ ಕೆಳಗೆ ಇರಬೇಕು. ಪಕ್ಕಕ್ಕೆ ಸರಿದಿದ್ದರೆ ಬಿದ್ದಾಗ ತೂಗಾಡಿ ಪಕ್ಕದ ಬಂಡೆಗೆ ಬಡಿಯುತ್ತೀರಿ.

ಈಗ ಜಾಗಗಳ ಮಾತು. ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿಯಲ್ಲಿ ಇಂಥ ಗುಂಡುಗಳಿವೆ. ಬೆಂಗಳೂರಿನ ಕ್ಲೈಂಬರ್‌ಗಳು ದಶಕಗಳಿಂದ ಕೈ ಪಳಗಿಸಿಕೊಂಡ ಜಾಗ ಅದು. ಬಂಡೆಗಳು ಗಿಡ್ಡ, ನೆತ್ತಿಗೆ ನಡೆದು ಹೋಗಬಹುದು, ಮನೆಗೂ ಹತ್ತಿರ. ಹೊಸಬರು ಕಲಿತವರ ಜೊತೆ ಮೊದಲು ಹೋಗಬೇಕಾದದ್ದು ಇಂಥ ಕಡೆಗೇ. ಆದರೆ ಅದು ಅರಣ್ಯ. ಒಳಗೆ ಬಿಡುವ ನಿಯಮ ಬದಲಾಗುತ್ತಾ ಇರುತ್ತದೆ. ಹೊರಡುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಗೇಟಿನಲ್ಲಿ ಬೇಡ ಅಂದರೆ ಬೇಲಿ ಹಾರಬೇಡಿ. ಒಬ್ಬರು ಹಾರಿದರೆ ಆಮೇಲೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ರಾಮನಗರ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್. ಎಲ್ಲರ ಬಾಯಲ್ಲೂ ಬರುವ ಹೆಸರು ರಾಮದೇವರ ಬೆಟ್ಟ. ಅಲ್ಲಿಗೆ ಹಗ್ಗ ತೆಗೆದುಕೊಂಡು ಹೋಗಬೇಡಿ. 2012ರಲ್ಲಿ ಅದನ್ನು ರಣಹದ್ದುಗಳ ಅಭಯಧಾಮ ಎಂದು ಘೋಷಿಸಿದರು. ದೇಶದಲ್ಲೇ ಮೊದಲನೆಯದು. ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿನ ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುತ್ತವೆ. ಅವು ಮೊಟ್ಟೆ ಇಟ್ಟು ಮರಿ ಮಾಡುವ ಚಳಿಗಾಲವೇ ನಮ್ಮ ಕ್ಲೈಂಬಿಂಗ್ ಕಾಲವೂ ಹೌದು. ಒಂದು ಜೋಡಿ ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ. ಮೇಲಿಂದ ಹಗ್ಗ ಇಳಿಬಿಟ್ಟು ಕೂಗಾಡಿದರೆ ಹಕ್ಕಿ ಗೂಡು ಬಿಟ್ಟು ಹಾರುತ್ತದೆ. ಬಂಡೆ ನಮಗೆ ಬೇರೆ ಕಡೆಯೂ ಸಿಗುತ್ತದೆ, ಆ ಹಕ್ಕಿಗೆ ಉಳಿದಿರುವ ಜಾಗ ಬಹಳ ಕಡಿಮೆ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ರಾಮನಗರದ ಸುತ್ತ ಬೇರೆ ಎಷ್ಟೋ ಬಂಡೆಗಳಿವೆ. ಕೆಲವು ಅರಣ್ಯ, ಕೆಲವು ಗೋಮಾಳ, ಕೆಲವು ಖಾಸಗಿ ಜಮೀನು. ಚಾರಣಕ್ಕೆ ಟಿಕೆಟ್ ಸಿಕ್ಕಿತು ಅಂದರೆ ಹಗ್ಗ ಹಾಕಿ ಹತ್ತಲು ಅನುಮತಿ ಸಿಕ್ಕಿತು ಅಂತ ಅಲ್ಲ, ಇದನ್ನು ಪ್ರತ್ಯೇಕವಾಗಿ ಕೇಳಬೇಕು. ಹೊಲದ ಪಕ್ಕದ ಬಂಡೆಯಾದರೆ ಹೊಲದವರನ್ನು ಕೇಳಿ. ಅವರು ಬೇಡ ಅನ್ನುವುದು ಅಪರೂಪ. ನೆತ್ತಿಯ ಮೇಲೆ ಗುಡಿಯೋ ದೇವರ ಕಲ್ಲೋ ಇದ್ದರೆ ಆ ಬಂಡೆಯನ್ನು ಬಿಟ್ಟುಬಿಡಿ.

ಸಾವನದುರ್ಗದ ಹೆಸರು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಗುಮ್ಮಟದ ಬೆಟ್ಟ. ಅಲ್ಲಿನ ಮಾರ್ಗಗಳು ನೂರಾರು ಮೀಟರ್ ಉದ್ದ, ಕಲ್ಲು ಕೊರೆದು ಕೂರಿಸಿದ ಬೋಲ್ಟ್‌ಗಳ ನಡುವೆ ದೂರ ಜಾಸ್ತಿ. ಅದು ಲೀಡ್ ಮಾಡಿ, ಅಂದರೆ ಮೇಲಿಂದ ಹಗ್ಗ ಇಲ್ಲದೆ, ದಾರಿಯುದ್ದಕ್ಕೂ ಹಗ್ಗವನ್ನು ಬೋಲ್ಟಿಗೆ ಸಿಕ್ಕಿಸುತ್ತಾ, ಹಂತ ಹಂತವಾಗಿ ಹತ್ತುವವರ ಜಾಗ. ಹಂಪಿಯ ಬಂಡೆಗಳು ಚೆಂದ. ಆದರೆ ಅಲ್ಲಿ ಜನ ಹಗ್ಗವಿಲ್ಲದೆ, ಕೆಳಗೆ ಹಾಸಿಗೆ ಹಾಕಿಕೊಂಡು ಗಿಡ್ಡ ಬಂಡೆ ಹತ್ತುತ್ತಾರೆ. ಬಾದಾಮಿಯ ಕೆಂಪು ಮರಳುಗಲ್ಲಿನ ಮಾರ್ಗಗಳಲ್ಲಿ ಬೋಲ್ಟ್‌ಗಳಿವೆ, ಹಿಡಿತವೂ ಒಳ್ಳೆಯದು. ಆದರೆ ಅಲ್ಲಿ ಆ್ಯಂಕರ್‌ಗೆ ಬಹುಪಾಲು ನಡೆದು ಹೋಗಲು ಆಗುವುದಿಲ್ಲ, ಯಾರಾದರೂ ಲೀಡ್ ಮಾಡಿ ಹಗ್ಗ ಹಾಕಿಕೊಡಬೇಕು. ಅಂಥವರು ಜೊತೆಗಿದ್ದರೆ ನಿಮ್ಮ ಮೂವರಿಗೂ ಬಾದಾಮಿ ಬಹಳ ಇಷ್ಟವಾಗುತ್ತದೆ. ಮಳೆ ಬಂದ ಮರುದಿನ ಮಾತ್ರ ಬೇಡ. ನೀರು ಕುಡಿದ ಮರಳುಗಲ್ಲಿನ ಬಲ ಕುಗ್ಗುತ್ತದೆ, ಹಿಡಿದ ಚಕ್ಕೆ ಕೈಗೇ ಕಿತ್ತು ಬರಬಹುದು. ಅಲ್ಲಿ ಪುರಾತತ್ವ ಇಲಾಖೆಯ ಸ್ಮಾರಕಗಳೂ ಇವೆ. ಅವುಗಳ ಗೋಡೆ, ಬಂಡೆಗೆ ಕೈ ಹಚ್ಚಬಾರದು.

ಇನ್ನೊಂದು ಜಾಗ ಹೊಸಬರನ್ನು ಬಹಳ ಸೆಳೆಯುತ್ತದೆ: ಬಿಟ್ಟುಹೋದ ಕಲ್ಲು ಕ್ವಾರಿ. ನೇರ ಗೋಡೆ, ಮೇಲೆ ಮಟ್ಟಸ, ಗಾಡಿ ಬಾಗಿಲಿಗೇ ಹೋಗುತ್ತದೆ. ನೋಡಲು ನೀವು ಕೇಳಿದ ಹಾಗೇ ಇರುತ್ತದೆ. ಆದರೆ ಸಿಡಿಮದ್ದು ಇಟ್ಟ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅಂಚಿನ ಕಲ್ಲುಗಳು ಸಡಿಲ. ಕೆಳಗೆ ಆಳ ಗೊತ್ತಿಲ್ಲದ ನೀರು. ಕ್ವಾರಿಗೆ ಹೋಗಬೇಡಿ.

ಮರದ ವಿಷಯಕ್ಕೆ ಬರೋಣ. ಮರ ಒಳ್ಳೆಯ ಆಧಾರವೇ, ಆದರೆ ಎಂಥ ಮರ ಎಂಬುದು ಮುಖ್ಯ. ಬಯಲಿನ ಮಣ್ಣಿನಲ್ಲಿ ಬೇರೂರಿದ, ಹಸಿರಾಗಿರುವ, ತೊಡೆಗಿಂತ ದಪ್ಪ ಬುಡದ ಮರ ನಿಮ್ಮ ಮೂವರ ಭಾರ ಧಾರಾಳವಾಗಿ ತಡೆಯುತ್ತದೆ. ಬಂಡೆಯ ನೆತ್ತಿಯ ಮರ ಹಾಗಲ್ಲ. ಎಷ್ಟೋ ಸಲ ಅಲ್ಲಿ ಅರ್ಧ ಅಡಿ ಮಣ್ಣು, ಕೆಳಗೆ ಬರೀ ಅರೆ. ಬೇರು ಆಳಕ್ಕೆ ಹೋಗದೆ ಚಾಪೆಯ ಹಾಗೆ ಹರಡಿರುತ್ತದೆ. ಬಿರುಕಿನಲ್ಲಿ ಬೆಳೆದ ಅತ್ತಿ, ಆಲದ ಗಿಡ ನೋಡಲು ದಪ್ಪ ಕಂಡರೂ ಬಿರುಕು ಎಷ್ಟು ಗಟ್ಟಿಯೋ ಅದೂ ಅಷ್ಟೇ. ಎರಡೂ ಕೈಯಿಂದ ತಳ್ಳಿ ಅಲ್ಲಾಡಿಸಿ, ಬುಡದ ಮಣ್ಣು ನೋಡಿ. ಮಣ್ಣು ಕದಲಿದರೆ ಆ ಮರ ಬೇಡ. ಒಪ್ಪುವ ಮರಕ್ಕೂ ಬುಡದಲ್ಲೇ ಕಟ್ಟಿ, ಮೇಲೆ ಕಟ್ಟಿದಷ್ಟೂ ಅದು ಮೀಟುಗೋಲಿನಂತೆ ಬಾಗುತ್ತದೆ. ತೊಗಟೆಗೆ ಹಳೆಯ ಗೋಣಿಚೀಲ ಸುತ್ತಿ.

‘ಒಂದು ಮರ ಇದ್ದರೆ ಸಾಕು’ ಎಂಬ ಮಾತನ್ನು ನಾನು ಒಪ್ಪದಿರುವುದು ಆ ‘ಒಂದು’ ಎಂಬುದಕ್ಕೆ. ನಾನು ಕಲಿಸುವವರಿಗೆ ಎರಡಕ್ಕಿಂತ ಕಡಿಮೆ ಆಧಾರ ಬಳಸಬೇಡಿ ಅನ್ನುತ್ತೇನೆ. ಒಂದು ಮರ, ಒಂದು ದೊಡ್ಡ ಗುಂಡು. ಅಥವಾ ಎರಡು ಗುಂಡು. ಗುಂಡಿಗೆ ಕಟ್ಟುವಾಗ ಅದರ ಬುಡ ನೋಡಿ. ಅರೆಯ ಮೇಲೆ ಸುಮ್ನೆ ಕೂತ ಕಲ್ಲು ಎಷ್ಟೇ ದೊಡ್ಡದಿದ್ದರೂ ಇಳಿಜಾರಿನಲ್ಲಿದ್ದರೆ ನಂಬಬಾರದು. ನಾಲ್ಕು ಜನ ಒಟ್ಟಿಗೆ ತಳ್ಳಿದರೂ ಕೂದಲೆಳೆಯಷ್ಟೂ ಅಲ್ಲಾಡಬಾರದು. ಹಗ್ಗ ಮೇಲಕ್ಕೆ ಜಾರಿ ಬಿಟ್ಟುಕೊಳ್ಳದ ಆಕಾರ ಇರಬೇಕು.

ಎರಡು ಆಧಾರಗಳಿಂದ ಬಂದ ಹಗ್ಗಗಳು ಸೇರುವ ಕೋನದ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಅಗಲವಾಗಿ ಹರಡಿದಷ್ಟೂ ಗಟ್ಟಿ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆಗುವುದು ಉಲ್ಟಾ. ಕೋನ 60 ಡಿಗ್ರಿ ಇದ್ದಾಗ ಒಂದೊಂದು ಆಧಾರಕ್ಕೂ ಭಾರದ ಶೇ 58 ಹೋಗುತ್ತದೆ. 90 ಡಿಗ್ರಿಗೆ ಶೇ 71. 120 ಡಿಗ್ರಿಗೆ ಒಂದೊಂದಕ್ಕೂ ಪೂರ್ತಿ ಶೇ 100. ಅಲ್ಲಿಂದಾಚೆ ನೀವು ಭಾರ ಹಂಚುತ್ತಿಲ್ಲ, ಹೆಚ್ಚಿಸುತ್ತಿದ್ದೀರಿ. 60 ಡಿಗ್ರಿ ಒಳಗೇ ಇರಲಿ.

ಎರಡು ಹಗ್ಗ ಸೇರುವಲ್ಲಿ ಒಂದೇ ದೊಡ್ಡ ಎಂಟರ ಗಂಟು. ಒಂದು ಆಧಾರ ಕಿತ್ತು ಬಂದರೂ ಇನ್ನೊಂದು ಜಗ್ಗದೆ ಹಿಡಿಯಬೇಕು. ಈ ಗಂಟು ಅಂಚಿನಿಂದ ಸ್ವಲ್ಪ ಕೆಳಗೆ, ಗಾಳಿಯಲ್ಲಿ ತೂಗಬೇಕು. ಅಂಚಿನ ಮೇಲೆ ಕೂತಿದ್ದರೆ ಕ್ಲೈಂಬಿಂಗ್ ಹಗ್ಗ ಕಲ್ಲಿಗೆ ಉಜ್ಜಿ ಸವೆಯುತ್ತದೆ. ಆ್ಯಂಕರ್ ಹಗ್ಗ ಅಂಚಿನ ಮೇಲೆ ಹಾಯುವಲ್ಲಿ ದಪ್ಪ ಜಮಖಾನೆಯ ತುಂಡು ಅಥವಾ ಮಡಿಸಿದ ಟಾರ್ಪಾಲು ಹಾಕಿ, ಅದು ಜಾರದಂತೆ ಅದಕ್ಕೂ ದಾರ ಕಟ್ಟಿ. ಗಂಟಿಗೆ ಎರಡು ಲಾಕಿಂಗ್ (ಬಾಯಿ ತಾನಾಗಿ ತೆರೆಯದಂತೆ ಬಿಗಿಯುವ) ಕ್ಯಾರಬಿನರ್ ಹಾಕಿ, ಬಾಯಿಗಳು ಎದುರುಬದುರು ಇರಲಿ. ಕ್ಲೈಂಬಿಂಗ್ ಹಗ್ಗ ಈ ಲೋಹದೊಳಗೆ ಮಾತ್ರ ಓಡಬೇಕು, ಯಾವ ಕಾರಣಕ್ಕೂ ನೇರವಾಗಿ ಸ್ಲಿಂಗ್ ಪಟ್ಟಿಯೊಳಗೆ ಓಡಬಾರದು. ಹಗ್ಗ ಪಟ್ಟಿಯ ಒಂದೇ ಜಾಗಕ್ಕೆ ತಿಕ್ಕುತ್ತದೆ, ಬಿಸಿಯಾಗುತ್ತದೆ. ಡೈನೀಮಾ ಎಂಬ ಕೃತಕ ನಾರಿನ ತೆಳ್ಳನೆಯ ಪಟ್ಟಿ ಸುಮಾರು 145 ಡಿಗ್ರಿಗೇ ಕರಗುತ್ತದೆ. ಭಾರ ಹೊತ್ತ ಪಟ್ಟಿ ಒಬ್ಬರನ್ನು ಇಳಿಸುವಷ್ಟರಲ್ಲೇ ಕತ್ತರಿಸಿ ಹೋಗಬಹುದು.

ಇದೆಲ್ಲ ಮಾಡುವಾಗ ನೀವು ಎಲ್ಲಿ ನಿಂತಿರುತ್ತೀರಿ? ನನ್ನ ಕ್ರಮ ಹೀಗೆ. ಅಂಚಿಗೆ ಎರಡು ಆಳುದ್ದ ಇರುವಾಗಲೇ ನಿಲ್ಲಿ. ಮೊದಲು ನಿಮ್ಮ ಹಾರ್ನೆಸ್‌ಗೆ ಒಂದು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಹಿಂದಿನ ಆಧಾರಕ್ಕೆ ಕಟ್ಟಿ. ಅಂಚಿನವರೆಗೆ ಹೋಗುವಷ್ಟು ಮಾತ್ರ ಉದ್ದ ಬಿಡಿ. ಆಮೇಲೆ ಉಳಿದ ಕೆಲಸ. ಹೆಲ್ಮೆಟ್ ತಲೆಯ ಮೇಲೇ ಇರಲಿ. ಹಗ್ಗ ಎಸೆಯುವ ಮೊದಲು ‘ಹಗ್ಗ!’ ಎಂದು ಕೂಗಿ, ಕೆಳಗಿನವರು ಹೂಂ ಅಂದ ಮೇಲೆ ಎಸೆಯಿರಿ. ನಮ್ಮ ಬೆಟ್ಟಗಳ ಬುಡದಲ್ಲಿ ಕುರಿ, ಮೇಕೆ ಮೇಯಿಸುವವರು ಯಾವಾಗಲೂ ಇರುತ್ತಾರೆ. ಎರಡೂ ತುದಿ ನೆಲ ಮುಟ್ಟಿದೆ ಅಂತ ಕೆಳಗಿನವರು ಹೇಳುವ ತನಕ ಮೇಲಿಂದ ಕದಲಬೇಡಿ. ಹದಿನೈದು ಮೀಟರ್ ಬಂಡೆಗೆ ನಲವತ್ತು ಮೀಟರ್ ಹಗ್ಗ ಬೇಕು. ಬಿಲೇ ಬದಿಯ ತುದಿಗೆ ಒಂದು ಗಂಟು ಹಾಕಿಡಿ, ಇಳಿಸುವಾಗ ತುದಿ ಕೈ ತಪ್ಪಿ ಹೋಗುವುದಿಲ್ಲ.

ಮೇಲೆ ಬೋಲ್ಟ್ ಕಂಡರೆ ಬಹಳ ಜನ ಖುಷಿಯಾಗುತ್ತಾರೆ. ಯಾರು, ಯಾವಾಗ, ಯಾವ ಲೋಹದ್ದು ಹೊಡೆದರು ಅಂತ ಬೋಲ್ಟ್ ಮೇಲೆ ಬರೆದಿರುವುದಿಲ್ಲ. ಸುತ್ತ ತುಕ್ಕಿನ ನೀರು ಇಳಿದ ಗುರುತು, ಕೈಯಲ್ಲಿ ತಿರುಗುವ ಬೋಲ್ಟಿನ ಲೋಹದ ಪಟ್ಟಿ, ಸುತ್ತಲಿನ ಕಲ್ಲಿನಲ್ಲಿ ಬಿರುಕು, ಇವುಗಳಲ್ಲಿ ಒಂದು ಕಂಡರೂ ಮುಟ್ಟಬೇಡಿ. ಚೆನ್ನಾಗಿರುವ ಬೋಲ್ಟ್ ಆದರೂ ಎರಡು ಬೇಕು. ನೀವೇ ಡ್ರಿಲ್ ತಂದು ಹೊಡೆಯುವ ಯೋಚನೆ ಬೇಡ. ಅದಕ್ಕೆ ಬೇರೆಯದೇ ಕಲಿಕೆ ಬೇಕು, ಅನುಮತಿಯೂ ಬೇಕು.

ಹಾರ್ಡ್‌ವೇರ್ ಅಂಗಡಿಯ ಹಗ್ಗ ಆಗುವುದಿಲ್ಲ. ನೈಲಾನ್ ಎಂದು ಮಾರುವುದು ಎಷ್ಟೋ ಸಲ ಪಾಲಿಪ್ರೊಪಿಲೀನ್ ಆಗಿರುತ್ತದೆ. ಅದು ಬಿಸಿಲಿಗೆ ಬೇಗ ಸಾಯುತ್ತದೆ, ಬೇಗ ಕರಗುತ್ತದೆ. ಆ ಹಗ್ಗ ಎಷ್ಟು ತಡೆಯುತ್ತದೆ ಎಂದು ಯಾರೂ ಪರೀಕ್ಷೆ ಮಾಡಿ ಬರೆದುಕೊಟ್ಟಿಲ್ಲ. ನಿಮಗೆ ಎರಡು ಬೇರೆ ಹಗ್ಗ ಬೇಕು. ಆ್ಯಂಕರ್ ಕಟ್ಟಲು ಹಿಗ್ಗದ ಹಗ್ಗ: ಯುರೋಪಿನ ಮಾನದಂಡ ಇಎನ್ 1891, ‘ಎ’ ಮಾದರಿ ಎಂಬ ಗುರುತು ಇರುತ್ತದೆ, 10.5ರಿಂದ 11 ಎಂಎಂ ದಪ್ಪ. ಹತ್ತಲು ಹಿಗ್ಗುವ ಡೈನಾಮಿಕ್ ಹಗ್ಗ: ಇಎನ್ 892, ತುದಿಯ ಪಟ್ಟಿಯಲ್ಲಿ ವೃತ್ತದೊಳಗೆ ‘1’ ಎಂದು ಬರೆದಿರುತ್ತದೆ. ಒಬ್ಬರು ಬಳಸಿದ ಹಗ್ಗವನ್ನು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಕೊಳ್ಳಬೇಡಿ, ಅದರ ಚರಿತ್ರೆ ನಿಮಗೆ ಗೊತ್ತಿರುವುದಿಲ್ಲ.

ಹಗ್ಗ ಹಿಗ್ಗುವುದರಿಂದ ಒಂದು ತೊಂದರೆಯೂ ಇದೆ, ಜಿಮ್‌ನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹದಿನೈದು ಮೀಟರ್ ಬಂಡೆಯಲ್ಲಿ ನೀವು ಬುಡದಲ್ಲಿದ್ದಾಗ ಮೇಲೆ ಹೋಗಿ ಕೆಳಗೆ ಬಂದ ಹಗ್ಗ ಮೂವತ್ತು ಮೀಟರ್. ನಿಮ್ಮ ಭಾರಕ್ಕೆ ಅದು ಒಂದೂವರೆ, ಎರಡು ಮೀಟರ್ ಹಿಗ್ಗುತ್ತದೆ. ಅಂದರೆ ಮೊದಲ ಎರಡು ಮೀಟರ್‌ನಲ್ಲಿ ಜಾರಿದರೆ ಆ್ಯಂಕರ್ ಎಷ್ಟೇ ಚೆನ್ನಾಗಿದ್ದರೂ ಕಾಲು ನೆಲಕ್ಕೆ ಬಡಿಯುತ್ತದೆ. ಶುರುವಿನಲ್ಲಿ ಹಗ್ಗ ಬಿಗಿಯಾಗಿ ಎಳೆದಿಡಿ. ಬುಡದಲ್ಲಿ ಚೂಪುಗಲ್ಲು ಇರುವ ಬಂಡೆ ಆರಿಸಬೇಡಿ. ಜಿಮ್‌ನ ಮೆತ್ತನೆಯ ನೆಲ ಇಲ್ಲಿ ಇಲ್ಲ.

ನಿಮ್ಮ ಹೆಂಡತಿ ನಿಮ್ಮನ್ನು ಹಿಡಿಯಬಲ್ಲರಾ? ಹಿಡಿಯಬಲ್ಲರು, ಆದರೆ ಲೆಕ್ಕ ತೀರಾ ಹತ್ತಿರ ಇದೆ. ಮೇಲಿನ ಕ್ಯಾರಬಿನರ್‌ನಲ್ಲಿ ಹಗ್ಗ ತಿರುಗುವಾಗ ಆಗುವ ತಿಕ್ಕಾಟ ಸುಮಾರು ಮೂರನೇ ಒಂದು ಭಾಗ ಭಾರವನ್ನು ನುಂಗುತ್ತದೆ. ಹಾಗಾಗಿ ನಿಮ್ಮ 82 ಕೆಜಿ ಅವರ ಕಡೆ ಬರುವಾಗ ಸುಮಾರು 55 ಆಗಿರುತ್ತದೆ. ಅವರ ತೂಕ 52. ನೀವು ಜಾರಿದಾಗ ಅವರು ಸ್ವಲ್ಪ ಮೇಲೇಳುವುದು ಖಂಡಿತ, ಗಾಬರಿಯಾಗಿ ಕೈ ಬಿಡುವ ಸಾಧ್ಯತೆಯೂ ಇದೆ. ಅವರ ಹಾರ್ನೆಸ್‌ನ ಬಿಲೇ ಲೂಪಿನಿಂದ (ಬಿಲೇ ಸಾಧನ ಸಿಕ್ಕಿಸುವ ಬಳೆ) ಹಿಂದಿನ ಮರದ ಬುಡಕ್ಕೋ ಗುಂಡಿಗೋ ಸಡಿಲ ಇಲ್ಲದೆ ಒಂದು ಸ್ಲಿಂಗ್ ಕಟ್ಟಿ. ಬಂಡೆಯ ಬುಡಕ್ಕೆ ಹತ್ತಿರ ನಿಲ್ಲಲಿ. ದೂರ ನಿಂತರೆ ಮುಂದಕ್ಕೆ ಎಳೆದು ಬಂಡೆಗೆ ಬಡಿಸುತ್ತದೆ. ಗ್ರಿಗ್ರಿಯಂಥ, ಹಗ್ಗ ಜಗ್ಗಿದಾಗ ತಾನೇ ಹಿಡಿಯುವ ಸಾಧನ ಇದ್ದರೆ ಒಳ್ಳೆಯದು. ಆದರೂ ಬ್ರೇಕ್ ಹಗ್ಗದಿಂದ, ಅಂದರೆ ಸಾಧನದಿಂದ ಹೊರಬರುವ ಬದಿಯ ಹಗ್ಗದಿಂದ, ಕೈ ತೆಗೆಯುವ ಹಾಗಿಲ್ಲ. ಮಗಳ ಹಾರ್ನೆಸ್ ಸೊಂಟದ ಮೂಳೆಯ ಮೇಲೆ ಕೂತು, ಎಷ್ಟು ಎಳೆದರೂ ಕೆಳಗೆ ಜಾರಬಾರದು. ಜಾರಿದರೆ ಭುಜದ ಪಟ್ಟಿಯೂ ಇರುವ ಮಕ್ಕಳ ಹಾರ್ನೆಸ್ ಬೇಕು.

ನೀವು ಕೇಳದೆ ಇದ್ದರೂ ಹೇಳಲೇಬೇಕಾದದ್ದು ಹೆಜ್ಜೇನು. ನಮ್ಮ ಬಂಡೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಅದರದ್ದೇ. ಚಾಚಿದ ಬಂಡೆಯ ಅಡಿಯಲ್ಲಿ ಕಪ್ಪಗೆ ಅರ್ಧ ಚಂದ್ರದಂತೆ ತಟ್ಟಿ ನೇತಾಡುತ್ತದೆ. ನೆಲದ ಮೇಲಿದ್ದವರು ಓಡಬಹುದು. ಹಗ್ಗದಲ್ಲಿ ನೇತಾಡುವವರು ಓಡಲು ಆಗುವುದಿಲ್ಲ. ಬಂಡೆಯ ಪೂರ್ತಿ ಮುಖವನ್ನು, ಅಕ್ಕಪಕ್ಕದ ಬಂಡೆಗಳನ್ನೂ ದೂರದಿಂದ ನೋಡಿ. ತಟ್ಟಿ ಇಲ್ಲದಿದ್ದರೂ ಬಿಳಿ ಮೇಣದ ಗುರುತು ಇದ್ದರೆ ಹಿಂದೆ ಅಲ್ಲಿ ತಟ್ಟಿ ಇತ್ತು ಅಂತ ಅರ್ಥ, ಹುಳು ಅದೇ ಜಾಗಕ್ಕೆ ಮರಳಿ ಬರುತ್ತದೆ. ಕುರಿ ಮೇಯಿಸುವವರನ್ನು ಕೇಳಿ, ಯಾವ ಬಂಡೆಯಲ್ಲಿ ಹುಳು ಇದೆ ಎಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಸೆಂಟು ಹಾಕಿಕೊಂಡು ಹೋಗಬೇಡಿ, ಹೊಗೆ ಮಾಡಬೇಡಿ, ಕಲ್ಲು ಉರುಳಿಸಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ವಿಡಿಯೊ ನೋಡಿ ಮೂವರೇ ಹೋಗುವುದು ಒಂದು. ಅದನ್ನು ನಾನು ಬೇಡ ಅನ್ನುತ್ತೇನೆ. ಗಂಟು ಹಾಕುವುದನ್ನು ವಿಡಿಯೊ ಚೆನ್ನಾಗಿಯೇ ಕಲಿಸುತ್ತದೆ. ಆದರೆ ನಿಮ್ಮ ಮುಂದಿನ ಮರ ಗಟ್ಟಿಯಾ, ಈ ಪದರ ಪೊಳ್ಳಾ ಅಂತ ಅದು ಹೇಳುವುದಿಲ್ಲ. ನೀವು ಕಟ್ಟಿದ್ದನ್ನು ನೋಡಿ ‘ಬಿಚ್ಚಿ, ಇನ್ನೊಮ್ಮೆ ಕಟ್ಟಿ’ ಅನ್ನುವುದೂ ಇಲ್ಲ.

ಎರಡನೆಯದು, ವಾರಾಂತ್ಯದ ಸಾಹಸ ಗುಂಪುಗಳ ಜೊತೆ ಹೋಗುವುದು. ಒಳ್ಳೆಯವರಿದ್ದಾರೆ, ಆತುರದವರೂ ಇದ್ದಾರೆ. ದುಡ್ಡು ಕಟ್ಟುವ ಮೊದಲು ಕೇಳಿ: ಒಂದು ಹಗ್ಗಕ್ಕೆ ಎಷ್ಟು ಜನ? ಹೆಲ್ಮೆಟ್ ಎಲ್ಲರಿಗೂ ಇದೆಯಾ? ಜಾಗಕ್ಕೆ ಅನುಮತಿ ಇದೆಯಾ? ಆ್ಯಂಕರ್ ಹತ್ತಿರ ಹೋಗಿ ನೋಡಬಹುದಾ? ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕುವವರ ಹಗ್ಗಕ್ಕೆ ಮಗಳನ್ನು ಕಟ್ಟಬೇಡಿ. ಇಂಥ ಕಡೆ ಸುರಕ್ಷಿತವಾಗಿ ಹತ್ತಿ ಬರಬಹುದು. ಕಟ್ಟುವುದನ್ನು ಕಲಿಯುವುದು ಕಡಿಮೆ.

ಮೂರನೆಯದು ಕ್ರಮವಾಗಿ ಕಲಿಯುವುದು, ಇದು ನನ್ನ ಆಯ್ಕೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಏರುವ ತರಬೇತಿ ಕೊಡುತ್ತದೆ. ರಜೆ ಸಿಗುವುದಾದರೆ ಡಾರ್ಜಿಲಿಂಗ್, ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಗಳ ಆರಂಭಿಕ ಕೋರ್ಸ್‌ನಲ್ಲೂ ಬಂಡೆಯ ಪಾಠ ಇರುತ್ತದೆ, ಆದರೆ ಅದು ಹೆಚ್ಚುಕಡಿಮೆ ಒಂದು ತಿಂಗಳ ಮಾತು. ಇದರ ಜೊತೆಗೆ ನಿಮ್ಮ ಜಿಮ್‌ನಲ್ಲೇ ವಾರಾಂತ್ಯ ಬಂಡೆಗೆ ಹೋಗುವ ಅನುಭವಿಗಳು ಇರುತ್ತಾರೆ, ಕೇಳಿಕೊಂಡು ಜೊತೆಗೆ ಹೋಗಿ. ಮೊದಲು ನೆಲದ ಮೇಲೆ ನಿಂತೇ ಎರಡು ಮರಕ್ಕೆ ಆ್ಯಂಕರ್ ಕಟ್ಟಿ, ಅವರಿಂದ ನೋಡಿಸಿ. ಆಮೇಲೆ ನೆತ್ತಿಯ ಮೇಲೆ ಅವರು ಕಟ್ಟುವಾಗ ಪಕ್ಕದಲ್ಲಿರಿ. ಆಮೇಲೆ ನೀವು ಕಟ್ಟಿ, ಅವರು ಪರೀಕ್ಷಿಸಲಿ. ಅವರು ಏನೂ ತಿದ್ದದೆ ಒಪ್ಪುವುದು ಅಭ್ಯಾಸವಾದ ಮೇಲೆ ಮೂವರೇ ಹೋಗಿ. ಅಲ್ಲಿಯವರೆಗೆ ಮಗಳ ಕೈಕಾಲು ಚುರುಕಾಗಿರಲು ಕಂಠೀರವ ಕ್ರೀಡಾಂಗಣದ ಕ್ಲೈಂಬಿಂಗ್ ಗೋಡೆ ಇದೆ.

ಹೋಗುವ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ಮಳೆ ಮುಗಿದ ಕೂಡಲೇ ಬೇಡ, ಬಂಡೆಯ ಮೇಲಿನ ಪಾಚಿ ಪೂರ್ತಿ ಒಣಗಿರುವುದಿಲ್ಲ, ನಡೆದು ಹತ್ತುವ ಹಿಂಬದಿಯ ದಾರಿಯೇ ಜಾರುತ್ತದೆ. ಮಾರ್ಚ್ ನಂತರ ಬೆಳಗ್ಗೆ ಹತ್ತಕ್ಕೇ ಕಲ್ಲು ಕಾದು ಕೈ ಬೆವರುತ್ತದೆ. ಬೆಳಗ್ಗೆ ಹತ್ತುವುದಾದರೆ ಪಶ್ಚಿಮಕ್ಕೆ ಮುಖ ಮಾಡಿದ ಬಂಡೆ ಆರಿಸಿ, ನೆರಳಿರುತ್ತದೆ. ಒಬ್ಬರಿಗೆ ಮೂರು ಲೀಟರ್ ನೀರು ಇರಲಿ. ರಾಮನಗರ, ಸಾವನದುರ್ಗದ ಕಾಡಿನಲ್ಲಿ ಕರಡಿ, ಚಿರತೆ ಇವೆ. ಸಂಜೆ ನಾಲ್ಕಕ್ಕೆ ಆ್ಯಂಕರ್ ಬಿಚ್ಚಲು ಶುರು ಮಾಡಿದರೆ ಬೆಳಕಿರುವಾಗಲೇ ರಸ್ತೆಗೆ ಬರುತ್ತೀರಿ. ಬಿಚ್ಚುವಾಗಲೂ ನಿಮ್ಮ ಸೊಂಟದ ಹಗ್ಗವನ್ನು ಕೊನೆಯಲ್ಲಿ, ಅಂಚಿನಿಂದ ಹಿಂದೆ ಬಂದ ಮೇಲೆ ಬಿಚ್ಚಿ.